ಹಲ್ಲಿನ ಡಾಕ್ಟರ ಕಾರು ಟ್ರ್ಯಾಕಿಗೆ ಹೊರಟಿದ್ದು

ವಿದ್ಯಾರಣ್ಯಪುರಂನಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ಕಾರುಗಳು ನನಗೆ ಯಾವತ್ತೂ ತಲೆನೋವು ಕೊಟ್ಟಿಲ್ಲ. ಕೊಡುವುದೆಲ್ಲ ಅವುಗಳ ಮಾಲೀಕರು. ಲಕ್ಷ್ಮೀಪುರಂನ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕೆಂಪು ಸ್ಪೋರ್ಟ್ಸ್ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಮನಸಾರೆ ಓಡಿಸಬೇಕೆಂದು ಹೊರಟಾಗ ಆದದ್ದನ್ನೇ ಕೇಳಿ. ಮೊದಲ ದಿನವೇ ಅವರ ತಾಯಿ ಗ್ಯಾರೇಜಿಗೆ ಬಂದು, "ಇರೋನು ಒಬ್ನೇ ಮಗ. ಹೋದ ಹಾಗೇ ವಾಪಸ್ ಬರ್ಬೇಕು. ಅದು ನಿನ್ನ ಜವಾಬ್ದಾರಿ ಕಣಪ್ಪ" ಅಂದುಬಿಟ್ಟರು. ಅವತ್ತಿನಿಂದ ನನಗೆ ಊಟ ಸೇರಲಿಲ್ಲ.

೧. ಗಡಗಡ

ಟ್ರ್ಯಾಕಿಗೆ ಹೋಗುವ ಕಾರಿನೊಳಗೆ ಸಡಿಲ ಸಾಮಾನು ಇರಬಾರದು. ಜೋರಾಗಿ ಬ್ರೇಕ್ ಹಾಕಿದರೆ ಎಲ್ಲ ಉರುಳಿ ಮುಂದೆ ಬರುತ್ತದೆ. "ನನ್ ಕಾರಲ್ಲಿ ಏನೂ ಇಲ್ಲ ಕಣ್ರೀ" ಅಂದರು ಡಾಕ್ಟರು. ಸೀಟಿನ ಕೆಳಗೆ ಕೈ ಹಾಕಿದೆ. ಛತ್ರಿ, ಎರಡು ನೀರಿನ ಬಾಟಲಿ, ಕೊನೆಗೆ ಯಾವುದೋ ಮದುವೆಯ ತಾಂಬೂಲದ ತೆಂಗಿನಕಾಯಿ. ಅದು ಬ್ರೇಕ್ ಪೆಡಲ್ ಕೆಳಗೆ ಸೇರಿದ್ದರೆ? ಸಿಟ್ಟು ಬಂತು.

"ಏನ್ ಸಾರ್ ಇದು, ಗಡಗಡ ಅನ್ನೋದು ಕಿವಿಗೆ ಬೀಳ್ಲಿಲ್ವಾ?"

"ಬಿತ್ತಲ್ಲ! ಅದಕ್ಕೇ ತಾನೆ ಹೋದ ತಿಂಗಳು ನೀವು ಸಸ್ಪೆನ್ಷನ್ ಬದಲಾಯಿಸಿದ್ದು?"

೨. ಒಂದು ಗುಳ್ಳೆ

ಹಳೇ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬಬೇಕು. ಪೈಪಿನಲ್ಲಿ ಗಾಳಿ ಉಳಿದರೆ ಪೆಡಲ್ ಮೆತ್ತಗಾಗಿ, ಒತ್ತಿದರೂ ಕಾರು ನಿಲ್ಲುವುದಿಲ್ಲ. ನಾನು ಕಾರಿನ ಕೆಳಗೆ, ಡಾಕ್ಟರು ಪೆಡಲ್ ಮೇಲೆ. "ನಾನು ಹೇಳೋವರ್ಗೂ ಕಾಲು ಎತ್ಬೇಡಿ" ಅಂದಿದ್ದೆ. ಅಷ್ಟರಲ್ಲಿ ಯಾರೋ ರೋಗಿಯ ಫೋನು. ಡಾಕ್ಟರು ಕಾಲೆತ್ತಿದರು, ಗಾಳಿ ಒಳಗೆ ಹೋಯಿತು. ಮತ್ತೆ ಮೊದಲಿನಿಂದ. ಮತ್ತೆ ಫೋನು. ಮೂರನೇ ಸಲ ಫೋನನ್ನೇ ಇಸ್ಕೊಂಡೆ.

"ಒಂದ್ ಗುಳ್ಳೆಗೆ ಇಷ್ಟ್ ಹೆದರ್ತೀರಲ್ರೀ! ನಾನು ದಿನಾ ಹಲ್ಲು ಕೀಳ್ತೀನಿ, ಒಂದಿನಾನೂ ಹೆದರಿಲ್ಲ."

"ನಿಮ್ ಕೈ ತಪ್ಪಿದ್ರೆ ಒಂದು ಹಲ್ಲು ಹೋಗುತ್ತೆ ಸಾರ್. ನನ್ ಕೈ ತಪ್ಪಿದ್ರೆ ನಿಮ್ಮ ಮೂವತ್ತೆರಡೂ."

೩. ತಪಾಸಣೆ

ಶನಿವಾರ ಒಂಬತ್ತೂಕಾಲಿಗೆ ಅವರ ಮನೆಯಿಂದ ಹೊರಟೆವು. ರಾಹುಕಾಲ ಎಂದು ಗೊತ್ತಿದ್ದೂ ತಾಯಿ ತಡೆಯಲಿಲ್ಲ, ನಗುತ್ತಲೇ ಕಳಿಸಿದರು. ನನಗೇ ಆಶ್ಚರ್ಯ.

ಟ್ರ್ಯಾಕಿನಲ್ಲಿ ತಪಾಸಣೆಯವರು ಬ್ರೇಕ್ ಒತ್ತಿ ನೋಡಿದರು, ಟೈರು ನೋಡಿದರು, ಚಕ್ರದ ನಟ್ಟು ಒಂದೊಂದೇ ತಿರುಗಿಸಿದರು. "ಕೆಲಸ ಅಚ್ಚುಕಟ್ಟಾಗಿದೆ. ಹೆಲ್ಮೆಟ್ ತೋರ್ಸಿ" ಅಂದರು. ಡಾಕ್ಟರು ಡಿಕ್ಕಿ ತೆಗೆದರು. ಖಾಲಿ. ಹಿಂದಿನ ಸಂಜೆ ನಾನೇ ಕೈಯಾರೆ ಇಟ್ಟಿದ್ದೆ! ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಅಂದರು.

ಡಾಕ್ಟರು ತಾಯಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ರಾಹುಕಾಲದಲ್ಲಿ ಹೊರಡಬಾರದು ಕಣೋ. ಅದಕ್ಕೇ ಬೆಳಿಗ್ಗೆ ಎಂಟಕ್ಕೇ, ಒಳ್ಳೇ ಹೊತ್ತಲ್ಲಿ, ನಿನ್ನ ಹೆಲ್ಮೆಟ್ ಎದುರುಮನೇಲಿ ಇಟ್ಟು ಬಂದೆ. ಪ್ರಯಾಣದ ಸಾಮಾನು ಮೊದಲೇ ಮನೆ ದಾಟಿದ್ರೆ ನೀನೇ ಹೊರಟ ಲೆಕ್ಕ."

"ಅಮ್ಮಾ, ನನಗೆ ಹೇಳ್ಬಾರ್ದಾ? ಇಲ್ಲಿ ಒಳಗೆ ಬಿಡ್ತಿಲ್ಲ!"

"ಹೋಗ್ತಾ ಅದನ್ನ ತಗೊಂಡು ಹೋಗ್ಬೇಕು ಅಂತ ಎಲ್ಲರಿಗೂ ಗೊತ್ತು. ತಗೊಳ್ಲಿಲ್ಲ ಅಂದ್ಮೇಲೆ, ಶಾಸ್ತ್ರದ ಪ್ರಕಾರ ನೀನಿನ್ನೂ ಎದುರುಮನೇಲೇ ಇದ್ದೀಯ. ಬಿಸಿಲಲ್ಲಿ ನಿಲ್ಬೇಡ, ಊಟಕ್ಕೆ ಬಾ."