ಹಿಂದಕ್ಕೆ ತಿರುಗಿದ ನವಿಲು

ಶಿಡ್ಲಘಟ್ಟದಲ್ಲಿ ರೇಷ್ಮೆ ಮೇಲೆ ನವಿಲು ಕುಣಿಸೋದರಲ್ಲಿ ನನ್ನನ್ನು ಮೀರಿಸೋರಿಲ್ಲ. ಸುಳ್ಳು. ಸೂಜಿಗೆ ದಾರ ಪೋಣಿಸೋಕೂ ನನಗೆ ಬರಲ್ಲ. ಮದುವೆ ರವಿಕೆಗಳಿಗೆ ಮಗ್ಗಂ ವರ್ಕ್ ಕಸೂತಿ ಮಾಡೋಳು ನನ್ನ ಹೆಂಡತಿ. ಸ್ಕೂಟರಿನಲ್ಲಿ ತಲುಪಿಸೋನು ನಾನು. ಅಷ್ಟಕ್ಕೇ ಎಡವಟ್ಟುಗಳೆಲ್ಲ ನಮ್ಮನೆ ಬಾಗಿಲು ಹುಡುಕ್ಕೊಂಡು ಬರ್ತವೆ.

೧. ರೇಷ್ಮೆ ಕೆಳಗೆ

ನಮ್ಮ ಹಜಾರದಲ್ಲಿ ಮಂಚದಂಥ ಮರದ ಚೌಕಟ್ಟಿದೆ. ಅದಕ್ಕೆ ಬಿಗಿದ ತಿಳಿನೀಲಿ ರೇಷ್ಮೆ ಕೆಳಗೆ ಮಲಗಿದರೆ ಕೆರೆಯ ತಳದಲ್ಲಿ ಮಲಗಿದ ಹಾಗೆ. ಕಿಟಕಿಯ ಬಿಸಿಲು ನೀಲಿಯಾಗಿ ಇಳಿಯುತ್ತೆ, ಹೆಂಡತಿಯ ಬಳೆ ಸದ್ದು ಎಲ್ಲೋ ದಡದಿಂದ ಕೇಳುತ್ತೆ. ಚಿಂತಾಮಣಿಯ ಮದುವಣಗಿತ್ತಿಯ ಅಜ್ಜಿ ರವಿಕೆ ಎಲ್ಲಿಗೆ ಬಂತು ಅಂತ ನೋಡೋಕೆ ಬಂದಾಗಲೂ ನಾನು ಅಲ್ಲೇ ಇದ್ದೆ. ಅಜ್ಜಿಗೆ ಕಂಡಿದ್ದು ಹೊದೆಸಿದ ಹಾಗಿದ್ದ ರೇಷ್ಮೆ, ಆಚೆ ಚಾಚಿದ ಎರಡು ಕಾಲು.

"ಅಯ್ಯೋ ದೇವುಡಾ! ಯಾವಾಗ ಹೋದ್ರಮ್ಮಾ?"

"ಎಲ್ಲಿಗ್ ಹೋಗ್ತಾರೆ ಅಜ್ಜಿ? ಕಾಫಿ ವಾಸನೆ ಬರ್ಲಿ, ಎದ್ದು ಕೂತ್ಕೋತಾರೆ" ಅಂದಳು ಹೆಂಡತಿ.

೨. ಅಜ್ಜಿಯ ಕೈ

ಅವಳು ಆ ಕಾಫಿ ಮಾಡೋಕೆ ಒಳಗೆ ಹೋದಾಗಲೇ ಕೆಟ್ಟಿದ್ದು. ಎಡತೋಳಿನ ನವಿಲು ಮುಗಿದು ಚೌಕಟ್ಟಿನ ಕೋಲಿಗೆ ಸುತ್ತಿಕೊಂಡಿತ್ತು. ನವಿಲಿನ ಗೆರೆಯುದ್ದಕ್ಕೂ ತೂತು ಚುಚ್ಚಿದ್ದ ಅದೇ ಕಾಗದವನ್ನು ಬಲತೋಳಿಗೆ ಅಂತ ಬೋರಲು ಹಾಸಿದ್ದಳು. ಹಾಗೆ ಮಗುಚಿ ಹಾಕಿ ಬಿಳಿ ಪುಡಿ ಉಜ್ಜಿದರೇನೇ ಎರಡು ನವಿಲೂ ಮುಂದಕ್ಕೆ ನೋಡೋದು.

"ಮದುವೆ ಬಟ್ಟೆ ಮೇಲೆ ಬೋರಲು ಹಾಕ್ತಾರಾ? ಅಪಶಕುನ!" ಅಂತ ಗೊಣಗಿ ಅಜ್ಜಿ ಅದನ್ನು ಅಂಗಾತ ಮಾಡಿದರು. ಹೆಂಡತಿ ಬಂದವಳೇ ನೋಡದೆ ಪುಡಿ ಉಜ್ಜಿ, ಮೂಡಿದ ಗೆರೆ ಮೇಲೇ ಸೂಜಿ ಹಾಕಿದಳು.

ನಾನು ಕೆರೆಯ ತಳದಿಂದ ನೋಡ್ತಾನೇ ಇದ್ದೆ. ನೀಲಿ ನೀರಿನಲ್ಲಿ ನವಿಲಿನ ನೆರಳು ನಿಧಾನಕ್ಕೆ ಹಿಂದಕ್ಕೆ ತಿರುಗಿತು. ಎಂಥಾ ಚೆಂದದ ಕನಸಪ್ಪಾ ಅಂತ ಮಗ್ಗುಲು ಬದಲಾಯಿಸಿದೆ.

೩. ಮದುವೆ ಹಿಂದಿನ ದಿನ

ಟೈಲರ್ ಹೊಲಿದಿದ್ದನ್ನು ಚಿಂತಾಮಣಿಗೆ ಒಯ್ದೆ. ಹುಡುಗಿ ಹಾಕಿಕೊಂಡು ಬಂದಳು. ಒಂದು ನವಿಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ! ಕಸೂತಿ ದಾರ ಬಿಚ್ಚಿದರೆ ರೇಷ್ಮೆಯಲ್ಲಿ ಸೂಜಿ ತೂತು ಉಳಿಯುತ್ತೆ.

"ಅಂಕಲ್, ನಾಳೆ ಮುಹೂರ್ತಕ್ಕೆ ನಾನೇನ್ ಹಾಕ್ಕೊಳ್ಲಿ?" ಕಣ್ಣು ತುಂಬಿಬಿಟ್ಟಿತ್ತು.

"ಇದು ಹಳೇ ಸಂಪ್ರದಾಯ ಕಣಮ್ಮಾ. ಒಂದು ಗಂಡನ ಮನೆ ಕಡೆ ನೋಡುತ್ತೆ, ಒಂದು ತವರಿನ ಕಡೆ. ಬೇಕಾದ್ರೆ ಅಜ್ಜೀನ ಕೇಳು."

ಅಜ್ಜಿ ನನ್ನ ಮುಖ ನೋಡಿದರು. ನಾನು ಅಜ್ಜಿಯ ಕೈ ನೋಡಿದೆ.

"ಹೌದಮ್ಮಾ, ನನ್ನ ಮದುವೇಲೂ ಹಿಂಗೇ ಇತ್ತು."

"ನಿನ್ನ ಮದುವೇಲಿ ಬರೀ ಬಿಳೀ ರವಿಕೆ ಅಂದಿದ್ಯಲ್ಲ ಅಜ್ಜಿ?"

"ನವಿಲು ಒಳಗಡೆ ಇತ್ತು ಕಣೇ!"

ಹುಡುಗಿ ಅಳ್ತಾ ಅಳ್ತಾನೇ ನಕ್ಕುಬಿಟ್ಟಳು. ಅದನ್ನೇ ಹಾಕಿಕೊಂಡು ಧಾರೆಗೆ ನಿಂತಳು.

೪. ಗೌರಿಬಿದನೂರಿನ ದೂರು

ಆ ಮದುವೆಗೆ ಬಂದಿದ್ದ ಗೌರಿಬಿದನೂರಿನಮ್ಮ ಒಬ್ಬರು ಮಗಳಿಗೂ ನವಿಲೇ ಬೇಕು ಅಂದರು. ಹೆಂಡತಿ ಉಸಿರು ಬಿಗಿಹಿಡಿದು, ಎರಡನ್ನೂ ಸರಿಯಾಗಿ ಮುಂದಕ್ಕೇ ನೋಡೋ ಹಾಗೆ ಮಾಡಿಕೊಟ್ಟಳು. ಅವರು ಮಾರನೇ ದಿನವೇ ವಾಪಸ್ಸು!

"ಏನಮ್ಮಾ, ಇಷ್ಟು ವರ್ಷದ ಕೈ, ಹಿಂಗಾ ತಪ್ಪು ಮಾಡೋದು? ತವರಿನ ಕಡೆ ನೋಡೋ ನವಿಲೆಲ್ಲಿ?"

ಅವರು ಹೋದ ಮೇಲೆ ಹೆಂಡತಿ ನನ್ನ ಅಂಗಿ ತಗೊಂಡು ಜೇಬಿನ ಮೇಲೊಂದು ನವಿಲು ಹಾಕಿಕೊಟ್ಟಳು. ನೋಡಿ, ಇದೇ. ಮುಟ್ಟಿದರೆ ಹಾರಿಹೋಗುತ್ತೇನೋ ಅನ್ನೋ ಹಾಗಿಲ್ವಾ? ಆದರೆ ಗರಿ ಹಾಕೋವಾಗ ಜೇಬಿನ ಬಾಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದಾಳೆ. ಕೈ ಹೋಗಲ್ಲ.

ಅದಕ್ಕೇ, ಈ ಟೀ ಕಾಸು ನೀವೇ ಕೊಟ್ಬಿಡಿ ಸ್ವಾಮಿ.