ಸುಣ್ಣದ ಹನ್ನೆರಡು ಪಟ್ಟಿ

ಒಂದು ಪುಟ್ಟ ಚಪ್ಪಲಿ ಕಬ್ಬಿನ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಹಪ್ಪಳವಾದದ್ದೇ ಎಲ್ಲಕ್ಕೂ ಕಾರಣ. ಆ ಗಳಿಗೆಯಲ್ಲಿ ಕಾಲು ಅದರೊಳಗಿರಲಿಲ್ಲ ಎನ್ನುವುದೊಂದೇ ಸಮಾಧಾನ. ಮಂಗಳವಾರ ಸಂಜೆ ಮುಮತಾಜ ಆ ಹಪ್ಪಳವನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಅಂಗನವಾಡಿ ಟೀಚರ್ ಸಕ್ಕುಬಾಯಿಯ ಬಾಗಿಲಿಗೆ ಬಂದಳು. ಹಿಂದೆ ಓಣಿಯ ಉಳಿದ ತಾಯಂದಿರೆಲ್ಲ ನಿಂತಿದ್ದರು.

“ಟೀಚರ್, ನಾಳಿಂದ ನಮ್ಮ ಹುಡುಗ್ರನ್ನ ಕಳಸೂದಿಲ್ರಿ. ಇವತ್ತ ಚಪ್ಪಲ್ ಹೋತು. ನಾಳಿ ಏನ್ ಹೋಗ್ತದೋ!”

“ಒಂದ ದಿನ ಕೊಡ್ರಿ ನನಗ,” ಎಂದಳು ಸಕ್ಕುಬಾಯಿ. “ನಾಳಿ ಸಂಜಿಕ ಹುಡುಗ್ರು ಹೆಂಗ ದಾಟತಾರಂತ ನೀವ ನಿಂತು ನೋಡ್ರಿ. ಎದಿ ಧಸಕ್ ಅಂದ್ರ ಆಮ್ಯಾಲ ಕಳಸಬ್ಯಾಡ್ರಿ.”

ಮಕ್ಕಳ ಓಣಿ ಅಫಜಲಪುರದ ಹಳೇ ನಾಕಾ ಸರ್ಕಲ್ಲಿನ ಈಚೆಗೆ, ಅಂಗನವಾಡಿ ಆಚೆಗೆ. ನಡುವೆ ಎರಡೆರಡು ಟ್ರಾಲಿ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು, ಮದುವೆ ಮನೆಯ ನೆಂಟರಂತೆ ಎಲ್ಲೆಂದರಲ್ಲಿ ಒರಗಿ ನಿಂತ ಟಂಟಂ ಆಟೋಗಳು, ಬಾಳೆಹಣ್ಣಿನ ಬಂಡಿಗಳು, ಜೇವರ್ಗಿ ಕಡೆಯ ಬಸ್ಸುಗಳು. ದಿನಾ ಹದಿನಾಲ್ಕು ಮಕ್ಕಳ ಕೈಗೆ ಹಳೆಯ ಸೀರೆಯೊಂದರ ಅಂಚು ಹಿಡಿಸಿ, ತಾನು ಮುಂದೆ ನಡೆದು, ಇಷ್ಟನ್ನೂ ದಾಟುವುದು ಸಕ್ಕುಬಾಯಿಯ ನೌಕರಿಯಲ್ಲಿ ಎಲ್ಲಿಯೂ ಬರೆಯದ ಕೆಲಸ. ಜನ ರಸ್ತೆ ದಾಟಲು ಇಲ್ಲೊಂದು ಬಿಳಿ ದಾಟುಪಟ್ಟಿ ಬರೆಸಿಕೊಡಿ ಎಂದು ಪುರಸಭೆಗೆ ಮೂರು ಅರ್ಜಿ ಕೊಟ್ಟಿದ್ದಳು. ಮೂರಕ್ಕೂ ಒಂದೇ ಉತ್ತರ: “ಮ್ಯಾಲಿಂದ ಬರಬೇಕ್ರಿ.” ಅವಳು ಒಮ್ಮೆ ಮೇಲೆ ನೋಡಿಯೂ ನೋಡಿದಳು. ಎರಡು ಹದ್ದು ಹಾರುತ್ತಿದ್ದವು.

ಬುಧವಾರ ನಸುಕಿನಲ್ಲಿ ಅವಳು ಬಕೆಟ್ಟಿನಲ್ಲಿ ಸುಣ್ಣ ಕಲಸಿ, ಬೇಗ ಅಳಿಯದಿರಲೆಂದು ಗೋಂದು ಹಾಕಿ, ಒಂದು ಮೋಟು ಪೊರಕೆ ಹಿಡಿದು ಸರ್ಕಲ್ಲಿಗೆ ಹೋದಳು. ಸೂರ್ಯ ಹುಟ್ಟುವ ಹೊತ್ತಿಗೆ ಈ ದಂಡೆಯಿಂದ ಆ ದಂಡೆಯವರೆಗೆ ಹನ್ನೆರಡು ಬಿಳಿ ಪಟ್ಟಿ ಸಾಲಾಗಿ ಮಲಗಿದ್ದವು.

ಚಹಾದ ಹೋಟೆಲಿನ ಬಾಗಿಲು ತೆಗೆಯಲು ಬಂದ ಬುರಾನುದ್ದೀನ ಅವನ್ನು ನೋಡಿ ಕೀಲಿಕೈ ಕೆಳಗೆ ಬೀಳಿಸಿದ. ಆ ಊರಿನಲ್ಲಿ ರಸ್ತೆಗೆ ಸುಣ್ಣ ಬೀಳುವುದು ಮಂತ್ರಿಗಳ ಕಾರು ಬರುವ ದಿನ ಮಾತ್ರ.

“ಯಾ ಅಲ್ಲಾ! ಯಾರ್ ಬರಾಕತ್ತಾರ್ರಿ ಟೀಚರ್?”

“ಹುಡುಗ್ರು ಬರಾಕತ್ತಾರ. ಒಂಬತ್ತೂವರಿಗೆ.”

ಬುರಾನುದ್ದೀನ ಆಚೀಚೆ ನೋಡಿ ದನಿ ತಗ್ಗಿಸಿದ. “ತಿಳೀತು, ತಿಳೀತು. ಹೆಸರ ಹೇಳಬ್ಯಾಡಂತ ಹುಕುಂ ಆಗಿರಬೇಕು. ನಾ ಯಾರ ಮುಂದೂ ಅನ್ನೂದಿಲ್ಲ ತಗೋರಿ.”

ಅವನು ಯಾರ ಮುಂದೆಯೂ ಅನ್ನದೆ ಹೋದದ್ದರಿಂದ ಎಂಟು ಗಂಟೆಗೆ ಇಡೀ ಪೇಟೆಗೆ ಗೊತ್ತಾಗಿತ್ತು.

ಮೊದಲು ಓಡಿಬಂದವನು ಪುರಸಭೆಯ ಮಾಜಿ ಮೆಂಬರ್ ಗುರುಶಾಂತ. ಇಸ್ತ್ರಿಯ ಬಿಸಿ ಇನ್ನೂ ಆರದ ಬಿಳಿ ಅಂಗಿ ತೊಟ್ಟು ಅವನು ಕೂಗಾಡಿದ. “ಸಾಹೇಬ್ರು ಬರಾಕತ್ತಾರ, ನನಗ ಒಂದ ಫೋನ್ ಇಲ್ಲ! ಬ್ಯಾನರ್ ಎಲ್ಲದ? ಏ, ಬಂಡಿ ತಗೀರಲೇ!”

ಒಂದು ತಾಸಿನಲ್ಲಿ ಬ್ಯಾನರ್ ಬಂತು. ಅದರಲ್ಲಿ ಕೈ ಮುಗಿದ ಗುರುಶಾಂತ ಬಂಡಿಯ ಗಾಲಿಯಷ್ಟು ದೊಡ್ಡದಾಗಿ ಕಾಣುತ್ತಿದ್ದ. ಪಕ್ಕದಲ್ಲಿ ಒಂದು ಖಾಲಿ ವೃತ್ತ. ಯಾವ ಮಂತ್ರಿ ಎಂದು ಖಾತ್ರಿಯಾಗದ ಕಾರಣ ಮುಖವನ್ನು ಆಮೇಲೆ ಅಂಟಿಸುವುದೆಂದು ಠರಾವಾಗಿತ್ತು. ಬಾಳೆಹಣ್ಣಿನ ಬಂಡಿಗಳು ಗಲ್ಲಿ ಸೇರಿದವು. ಟಂಟಂಗಳು ಹೇಳದೆ ಕೇಳದೆ ಮಾಯವಾದವು. ಪೊಲೀಸ್ ಸಿದ್ದಲಿಂಗ ಸೀಟಿ ಊದಿ ಟ್ರ್ಯಾಕ್ಟರುಗಳನ್ನು ದೂರದಲ್ಲೇ ಒಂದರ ಹಿಂದೊಂದು ನಿಲ್ಲಿಸಿದ. ಸರ್ಕಲ್ಲು ದುಂಡಗಿದೆ ಎಂಬುದು ಊರಿನ ಜನಕ್ಕೆ ಅಂದೇ ಕಂಡದ್ದು.

ಒಂಬತ್ತೂವರೆಗೆ ಸಕ್ಕುಬಾಯಿ ಮಕ್ಕಳ ಸಾಲಿನೊಂದಿಗೆ ಬಂದಳು. ಸಿದ್ದಲಿಂಗ ಕೈ ಅಡ್ಡ ಹಿಡಿದ. “ಈಗ ಬ್ಯಾಡ್ರಿ ಟೀಚರ್. ಸಾಹೇಬ್ರು ಬರೂ ಟೈಮ್ ಅದ.”

ಸುಳ್ಳು ಹೇಳಿ ಅಭ್ಯಾಸವಿಲ್ಲದ ಸಕ್ಕುಬಾಯಿ ಬರೀ ಪ್ರಶ್ನೆ ಕೇಳಿದಳು. “ಸಾಹೇಬ್ರು ಬಂದ್ರ ಅವರ ಕೈಗೆ ಹೂ ಕೊಡಾಕ ಸಣ್ಣ ಹುಡುಗ್ರು ಬ್ಯಾಡೇನು?”

ಸಿದ್ದಲಿಂಗ ಎರಡೂ ಕೈ ಚಾಚಿ ಎರಡೂ ಕಡೆಯ ರಸ್ತೆ ತಡೆದ. ಹದಿನಾಲ್ಕು ಮಕ್ಕಳು ಒಂದೊಂದು ಪಟ್ಟಿಯನ್ನೂ ಗಟ್ಟಿಯಾಗಿ ಎಣಿಸುತ್ತ, ಹನ್ನೆರಡರ ಮೇಲೆ ಒಂದು ಜಿಗಿತ ಜಿಗಿದು ಆಚೆ ದಂಡೆ ಮುಟ್ಟಿದರು. ಸಕ್ಕುಬಾಯಿಗೆ ಕಣ್ಣು ತುಂಬಿತು.

ಹನ್ನೆರಡು ಗಂಟೆಯಾದರೂ ಯಾರೂ ಬರಲಿಲ್ಲ. ಗುರುಶಾಂತ ಆಳಂದಕ್ಕೆ, ಜೇವರ್ಗಿಗೆ, ಕಲಬುರಗಿಗೆ ಫೋನ್ ಹಚ್ಚಿದ. ಯಾವ ಮಂತ್ರಿಯೂ ಯಾವ ಕಡೆಗೂ ಹೊರಟಿರಲಿಲ್ಲ. ಬುರಾನುದ್ದೀನನ ಹೋಟೆಲಿನಲ್ಲಿ ಆಗಲೇ ಜನ ಬ್ಯಾನರಿನ ಖಾಲಿ ವೃತ್ತದ ಕಡೆ ಬೆರಳು ಮಾಡಿ ನಗಲು ಶುರು ಮಾಡಿದ್ದರು. ಮಾನ ಹೋಗುವುದಕ್ಕೆ ಮೊದಲು ಏನಾದರೂ ಮಾಡಬೇಕಿತ್ತು. ಗುರುಶಾಂತ ಒಂದು ಕಾಗದ ಬರೆಸಿಕೊಂಡು ನೇರ ಅಂಗನವಾಡಿಗೆ ಬಂದ.

“ಟೀಚರ್, ಪಟ್ಟಿ ನೀವು ಬರದದ್ದಂತ ಗೊತ್ತಾತು. ಛಲೋ ಮಾಡೀರಿ. ಈಗ ಅದಕ್ಕೊಂದು ರಕ್ಷಣಾ ಸಮಿತಿ ಮಾಡೇವಿ. ಅಧ್ಯಕ್ಷರು ನೀವ. ಇಲ್ಲೊಂದು ಸಹಿ.”

ಸಕ್ಕುಬಾಯಿ ಅನುಮಾನಪಟ್ಟು ಕಾಗದವನ್ನು ಎರಡು ಸಲ ಓದಿದಳು. ‘ದಾಟುಪಟ್ಟಿಯ ರಕ್ಷಣೆಗಾಗಿ ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು’ ಎಂದಿತ್ತು. ಮೂರು ಅರ್ಜಿಗೆ ಸಿಗದದ್ದು ಒಂದು ಬಕೆಟ್ ಸುಣ್ಣಕ್ಕೆ ಸಿಕ್ಕಿತಲ್ಲ ಎನಿಸಿತು. ಸಹಿ ಹಾಕಿದಳು.

ನಾಲ್ಕು ಗಂಟೆಗೆ ಮಕ್ಕಳೊಂದಿಗೆ ಸರ್ಕಲ್ಲಿಗೆ ಬಂದಾಗ ಬಂಡಿಗಳು, ಟಂಟಂಗಳು, ಟ್ರ್ಯಾಕ್ಟರುಗಳು ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. ದಾಟುಪಟ್ಟಿಯ ಎರಡೂ ತುದಿಗೆ ದಂಡೆಯ ಮೇಲೆ ಹಗ್ಗ ಕಟ್ಟಿತ್ತು. ಈಚೆಯ ಹಗ್ಗದ ಬಳಿ ಸಿದ್ದಲಿಂಗ ಕಾವಲು ನಿಂತಿದ್ದ. ಹಗ್ಗದ ನಡುವೆ ಒಂದು ಫಲಕ: ‘ಈ ಪಟ್ಟಿ ಉದ್ಘಾಟನೆಗೆ ಸಿದ್ಧವಾಗಿದೆ. ಸಚಿವರ ದಿನಾಂಕ ಸಿಗುವವರೆಗೆ ಯಾರೂ ಕಾಲಿಡಬಾರದು. ಅಪ್ಪಣೆಯ ಮೇರೆಗೆ, ಸಕ್ಕುಬಾಯಿ, ಅಧ್ಯಕ್ಷರು.’

ಆಚೆ ದಂಡೆಯಲ್ಲಿ ಮುಮತಾಜ ಮತ್ತು ಉಳಿದ ತಾಯಂದಿರು ಸಾಲಾಗಿ ನಿಂತು ನೋಡುತ್ತಿದ್ದರು.

“ಹಗ್ಗ ಬಿಚ್ಚರಿ ಸಿದ್ದಲಿಂಗ. ಪಟ್ಟಿ ಬರದಾಕಿ ನಾನು.”

“ಗೌಂಡಿ ಮನಿ ಕಟ್ಟತಾನ್ರಿ. ಹಂಗಂತ ಅಂವ ಬಂದು ಹಾಲ ಉಕ್ಕಸ್ತಾನೇನು? ಉದ್ಘಾಟನಾ ಆಗದ ಹೆಂಗ ತುಳೀತೀರಿ?”

ಆ ಕ್ಷಣಕ್ಕೇ ಕಬ್ಬಿನ ಟ್ರ್ಯಾಕ್ಟರೊಂದು ಹನ್ನೆರಡೂ ಪಟ್ಟಿಗಳ ಮೇಲೆ ಧಡಧಡ ಹಾದುಹೋಯಿತು.

“ಮತ್ತ ಅದು?”

“ಅದಕ್ಕ ಕಾಲ ಇಲ್ಲಲ್ರಿ,” ಎಂದ ಸಿದ್ದಲಿಂಗ ಫಲಕ ತೋರಿಸಿ. “ಬೋರ್ಡಿನಾಗ ಕಾಲಿಡಬಾರದು ಅಂತದ.”

“ಹಂಗಾರ ನನ್ನ ಹುಕುಂ ನಾನ ರದ್ದು ಮಾಡ್ತೇನಿ!”

“ಒಬ್ಬರ ಮಾತಿನ ಮ್ಯಾಲ ಆಗೂದಿಲ್ರಿ ಅಧ್ಯಕ್ಷರ. ಸಮಿತಿ ಮೀಟಿಂಗ್ ಆಗಬೇಕು. ಈಗ ಚಾಲೂನೂ ಆಗೇದ.”

“ಎಲ್ಲಿ?”

“ಆಚೀ ಕಡೆ, ಗುರುಶಾಂತ ಅಣ್ಣಾರ ಅಂಗಡ್ಯಾಗ. ರಸ್ತೆ ದಾಟಿ ಹೋಗ್ರಿ.”

ಸಕ್ಕುಬಾಯಿ ಹಗ್ಗ ನೋಡಿದಳು, ತನ್ನ ಹೆಸರು ನೋಡಿದಳು, ಆಚೆ ದಂಡೆಯ ತಾಯಂದಿರನ್ನು ನೋಡಿದಳು. ಆಮೇಲೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಗ್ಗದಿಂದ ಹತ್ತು ಹೆಜ್ಜೆ ಆಚೆಗೆ, ಪಟ್ಟಿಯೂ ಇಲ್ಲದ, ಸುಣ್ಣವೂ ಇಲ್ಲದ ಬರಿ ಡಾಂಬರಿನ ಮೇಲಿಳಿದು, ಬರುತ್ತಿದ್ದ ಟ್ರ್ಯಾಕ್ಟರಿನ ಮೂತಿಗೆ ನೇರ ಬಲಗೈ ಎತ್ತಿದಳು.

“ನಿಂದರಲೇ!”

ಎರಡು ಟ್ರಾಲಿ ಕಬ್ಬು ಕಿರ್ರೆಂದು ನಿಂತಿತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ನಾಲ್ಕು ಟಂಟಂ ನಿಂತವು. ಹಳೆಯ ಸೀರೆ ಹಿಡಿದ ಹದಿನಾಲ್ಕು ಮಕ್ಕಳೂ ಖಾಲಿ ಕೈ ಮೇಲೆತ್ತಿ, “ನಿಂದರಲೇ!” ಎನ್ನುತ್ತ ಅವಳ ಹಿಂದೆ ಇಳಿದರು.

ಅವರು ನಟ್ಟನಡುವೆ ತಲುಪಿದ್ದರು. ಸಿದ್ದಲಿಂಗ ಸೀಟಿ ಊದಿದ. ವಾಹನಗಳಿಗಲ್ಲ, ಸಕ್ಕುಬಾಯಿಗೆ.

“ಅಧ್ಯಕ್ಷರ, ನೀವ ಹಿಂಗ ಮಾಡಿದ್ರ ಹೆಂಗ್ರಿ? ಪಟ್ಟಿ ಇದ್ದಲ್ಲೆ ದಾಟಬೇಕು! ಐದುನೂರ ರೂಪಾಯಿ ದಂಡ!”