ಹಿಪ್‌ಹಾಪ್‌ಗೆ ಹಿಡಿದ ಅಳತೆ

"ಸಡಿಲ ಬಟ್ಟೆ ಈ ಮನೆಯ ಹೊಸ್ತಿಲು ದಾಟಕೂಡದು!"

ಇದು ದರ್ಜಿ ಅಜ್ಜಿಯ ಶಪಥ. ಇಡೀ ಬೀದಿಯವರ ಸೊಂಟದ ಸುತ್ತಳತೆ ಅವರ ನಾಲಿಗೆಯ ತುದಿಯಲ್ಲಿತ್ತು. ಅಂಥವರ ಹೊಲಿಗೆ ಯಂತ್ರದ ಮೇಲೆ ಮೊಮ್ಮಗಳು ತನ್ನ ತಂಡದ ನಾಲ್ಕು ಹಸಿರು ಪ್ಯಾಂಟುಗಳನ್ನು ರಾಶಿ ಹಾಕಿದಳು. ಮರುದಿನವೇ ಸ್ಪರ್ಧೆಯ ಕೊನೆಯ ಸುತ್ತು.

"ಅಜ್ಜೀ, ಗುಂಡಿ ಗಟ್ಟಿ ಮಾಡಿಕೊಡು ಸಾಕು. ಹಿಪ್‌ಹಾಪ್‌ಗೆ ಬೇಕು."

"ಹಾಗಂದ್ರೆ ಏನೇ?"

"ಹಾಡು, ಕುಣಿತ, ಮಾತು, ಬಟ್ಟೆ... ಎಲ್ಲಾನೂ ಅದೇ ಅಜ್ಜಿ!" ಎನ್ನುತ್ತಾ ಓಡಿದಳು.

ಎಲ್ಲವೂ ಅದೇ ಆದರೆ ಅಳತೆ ಹಿಡಿಯುವುದೆಲ್ಲಿ? ದಾರ ಕೊಳ್ಳಲು ಹೋದಾಗ ಅಂಗಡಿಯವನನ್ನು ಆ ಶಬ್ದದ ಅರ್ಥ ಕೇಳಿದರು. ಅವನ ಮನೆಮಾತು ಬೇರೆ. "ನಮ್ ಭಾಷೇಲಿ ಹಿಪ್‌ಹಾಪ್ ಅಂತೀವಮ್ಮ" ಎಂದ. ಬಸ್ಸಿನ ಕಂಡಕ್ಟರನದು ಇನ್ನೊಂದು ಭಾಷೆ. "ನಮ್ಮಲ್ಲೂ ಹಿಪ್‌ಹಾಪೇ" ಎಂದ. ಸೊಸೆಯಂತೂ, "ಕನ್ನಡದಲ್ಲೂ ಅದೇ ಅತ್ತೆ" ಎಂದುಬಿಟ್ಟಳು. ಸರಿಹೋಯಿತು! ಊರೆಲ್ಲ ಸುತ್ತಿದ ಶಬ್ದ, ತನ್ನ ಅರ್ಥವನ್ನು ಒಬ್ಬರ ಮನೆಯಲ್ಲೂ ಇಳಿಸಿರಲಿಲ್ಲ.

ಅಜ್ಜಿ ಒಂದು ಪ್ಯಾಂಟು ಬಿಡಿಸಿ ನೋಡಿದರು. ಒಳಗೆ ಇಬ್ಬರು ಸಂಸಾರ ಹೂಡಬಹುದು! ಪಾಪ, ಮಕ್ಕಳಿಗೆ ಯಾರೋ ಟೋಪಿ ಹಾಕಿದ್ದಾರೆ. ನಾಲ್ವರ ಶಾಲೆಯ ಸಮವಸ್ತ್ರ ಹೊಲಿದವರೂ ಅವರೇ, ಅಳತೆ ಬಾಯಿಪಾಠ. ಬಿಚ್ಚಿದರು, ಕತ್ತರಿಸಿದರು, ಕಾಲಿಗೆ ಅಂಟುವಂತೆ ಜೋಡಿ ಹೊಲಿಗೆ ಹಾಕಿದರು. ಮಿಕ್ಕ ಬಟ್ಟೆಯಲ್ಲಿ ತಮಗೊಂದು ಕೈಚೀಲವೂ ಆಯಿತು.

ಮರುದಿನ ಅಜ್ಜಿಯೇ ವೇದಿಕೆಯ ಹಿಂದೆ ಪ್ಯಾಂಟುಗಳನ್ನು ತಂದುಕೊಟ್ಟರು. ಹುಡುಗಿಯರು ಹೇಗೋ ಕಾಲು ತೂರಿಸುವಷ್ಟರಲ್ಲಿ ತಂಡದ ಹೆಸರು ಕೂಗಿಯಾಗಿತ್ತು.

"ಅಜ್ಜೀ! ಏನು ಮಾಡಿಟ್ಟೆ? ಕೂರೋಕೂ ಆಗ್ತಿಲ್ಲ!"

"ಕೂರೋದ್ಯಾಕೆ? ಕುಣಿಯೋಕೆ ತಾನೇ ಹೊರಟಿರೋದು?"

"ನೆಲಕ್ಕೆ ಬಿದ್ದು ತಿರುಗಬೇಕಜ್ಜಿ! ಅದಕ್ಕೇ ಅದು ಸಡಿಲ! ವರ್ಷವೆಲ್ಲಾ ಅದನ್ನೇ ಕಲಿತಿದ್ದು..." ಎನ್ನುತ್ತಾ ಮೊಮ್ಮಗಳು ವೇದಿಕೆಯತ್ತ ಹೆಜ್ಜೆ ಹಾಕಿದಳು.

'ಬಟ್ಟೆ' ಎಂದು ಅವಳು ಹೇಳಿದ್ದು ಅಜ್ಜಿಯ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ! ತಲೆ ತಗ್ಗಿಸಿಕೊಂಡು ಮುಂದಿನ ಸಾಲಿಗೆ ಹೋಗಿ ಕುಳಿತರು.

ಹಾಡು ಶುರುವಾಯಿತು. ನಾಲ್ವರೂ ಗಂಜಿ ಹಾಕಿ ಒಣಗಿಸಿದ ಬಟ್ಟೆಯಂತೆ ಸೆಟೆದು ಕುಪ್ಪಳಿಸಿದರು. ಕೊನೆಗೆ ಮೊಮ್ಮಗಳು ಧೈರ್ಯ ಮಾಡಿ ಬಗ್ಗಿದಳು. ಪರ್ರ್! ಅಜ್ಜಿಯ ಹೊಲಿಗೆ ಬಿಡಲಿಲ್ಲ, ಬಟ್ಟೆಯೇ ಹರಿಯಿತು! ಸಭೆಯೆಲ್ಲ ಗೊಳ್ಳೆಂದಿತು. ಅಜ್ಜಿ ಕೈಚೀಲದಿಂದ ಮುಖ ಮುಚ್ಚಿಕೊಂಡರು.

ತೀರ್ಪುಗಾರರು ಮೈಕ್ ಹಿಡಿದರು. "ಎಷ್ಟೋ ಭಾಷೆಯ ಹಿಪ್‌ಹಾಪ್ ನೋಡಿದ್ದೀನಿ. ಇದು ಯಾವ ಭಾಷೇದಮ್ಮ?"

ಮೊಮ್ಮಗಳು ಹಿಂದೆ ಕೈ ಕಟ್ಟಿ ಹರಿದದ್ದನ್ನು ಮುಚ್ಚಿಕೊಂಡು ಮುಂದಿನ ಸಾಲಿನತ್ತ ನೋಡಿದಳು.

"ನಮ್ಮಜ್ಜಿ ಭಾಷೇದು ಸರ್. ಅರ್ಥ ಆ ಹಸಿರು ಚೀಲದಲ್ಲಿದೆ!"